ಮಾತ್ರೆಗೆ ಬಗ್ಗದ ತುರಿಕೆ

ಜನವರಿ ಬಂತೆಂದರೆ ನಮ್ಮ ಕಡೆ ತರಗೆಲೆಯ ಕಾಲ. ಬೆಳ್ತಂಗಡಿ ತಾಲೂಕಿನ ನಮ್ಮ ದೊಡ್ಡಮ್ಮನ ಮನೆಗೆ ತಾಗಿಕೊಂಡೇ ಕುಮ್ಕಿ ಗುಡ್ಡ. ಹಟ್ಟಿಗೆ ಹಾಸಲು, ಅಡಿಕೆಯ ಬುಡಕ್ಕೆ ಹಾಕಲು ಅಲ್ಲಿಂದಲೇ ತರಗೆಲೆ ಗುಡಿಸಿ, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಇಳಿಸಬೇಕು. ಕೋಲಕ್ಕೆಂದು ಬಂಟ್ವಾಳದಿಂದ ಹೋಗಿದ್ದ ನನಗೆ ಆಗ ಹತ್ತು ವರ್ಷ. ದೊಡ್ಡ ಬುಟ್ಟಿಯೇ ಬೇಕೆಂದು ಹಟ ಮಾಡಿ ಹೊತ್ತೆ. ಇಪ್ಪತ್ತು ಹೆಜ್ಜೆ ಇಳಿಯುವುದರೊಳಗೆ ಕುತ್ತಿಗೆ, ಬೆನ್ನು, ಮೊಣಕೈಯ ಒಳಬದಿ ಎಲ್ಲ ಕಡೆ ತುರಿಕೆ ಹತ್ತಿಕೊಂಡಿತು. ಸೊಳ್ಳೆ ಕಚ್ಚಿದಾಗಿನ ತುರಿಕೆಯಲ್ಲ ಅದು. ಚುಚ್ಚು, ಉರಿ, ತುರಿಕೆ ಮೂರೂ ಒಟ್ಟಿಗೆ.

"ಎಂತ ಆಯ್ತು ಮಾರಾಯ?" ಎಂದು ಓಡಿ ಬಂದ ದೊಡ್ಡಮ್ಮ ಬುಟ್ಟಿಯೊಳಗೆ ಕಣ್ಣು ಹಾಯಿಸಿದವರೇ, "ನಸುಗುನ್ನಿ ಉಂಟಲ್ಲ ಇದರಲ್ಲಿ! ತುರಿಸ್ಬೇಡ, ತುರಿಸಿದಷ್ಟೂ ಒಳಗೆ ಹೋಗ್ತದೆ ಅದು" ಎಂದರು. ಹಟ್ಟಿಯಿಂದ ಹಸಿ ಸೆಗಣಿ ತಂದು ಬಳಿದು, ಅದು ಒಣಗುವವರೆಗೆ ಬಿಸಿಲಲ್ಲಿ ನಿಲ್ಲಿಸಿ, ತೊಳೆದು, ತೆಂಗಿನೆಣ್ಣೆ ಹಚ್ಚಿದರು. ಸ್ವಲ್ಪ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ಸಂಜೆ ಬಂದ ಅಪ್ಪ ಕಿಸೆಯಿಂದ ಒಂದು ಅಲರ್ಜಿ ಮಾತ್ರೆ ತೆಗೆದು ಕೊಟ್ಟರು. ಹಿಂದಿನ ವಾರವಷ್ಟೇ ತಂಗಿಗೆ ಮೈ ತುಂಬ ಪಿತ್ತಗಂಧೆ ಎದ್ದಾಗ ಅದೇ ಮಾತ್ರೆ ಬೇಗನೆ ಕೆಲಸ ಮಾಡಿತ್ತು. ನನಗೆ ಅದರಿಂದ ಬಂದದ್ದು ನಿದ್ದೆ ಮಾತ್ರ. ನಡುರಾತ್ರಿ ಎಚ್ಚರವಾದಾಗ ತುರಿಕೆ ಅಲ್ಲೇ ಇತ್ತು. ಇನ್ನೊಂದು ವಿಷಯ ನೆನಪಿದೆ: ತಂಗಿಯ ಮೈಮೇಲೆ ಎದ್ದಂಥ ಕೆಂಪು ದದ್ದುಗಳು ನನ್ನ ಮೈಮೇಲೆ ಎದ್ದಿರಲಿಲ್ಲ. ಇದ್ದದ್ದು ಉಗುರಿನ ಗೆರೆಗಳು ಅಷ್ಟೆ.

ತಂಗಿಗೆ ಹಿಡಿದ ಮಾತ್ರೆ ನನಗೇಕೆ ಹಿಡಿಯಲಿಲ್ಲ? ಈ ಪ್ರಶ್ನೆಗೆ ಆಗ ಉತ್ತರ ಹೇಳಬಲ್ಲವರು ಜಗತ್ತಿನಲ್ಲೇ ಇರಲಿಲ್ಲ ಎಂದು ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಉತ್ತರ ಸಿಕ್ಕಿದ್ದು 2007 ಮತ್ತು 2008ರಲ್ಲಿ. ಅದನ್ನು ಕೊಟ್ಟದ್ದೂ ಇದೇ ಬಳ್ಳಿ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ನಸುಗುನ್ನಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇಲಿ, ಪೊದೆ, ಗುಡ್ಡದ ಅಂಚು ಎಲ್ಲ ಕಡೆ ಹಬ್ಬುವ ಅವರೆ ಜಾತಿಯ ಬಳ್ಳಿ. ಮಳೆ ಹಿಂದೆ ಸರಿಯುವಾಗ ಕಡು ನೇರಳೆ ಹೂವಿನ ಗೊಂಚಲು ಜೋತುಬೀಳುತ್ತದೆ. ಚಳಿಗಾಲಕ್ಕೆ ಕಾಯಿ ಬಲಿತು ಒಣಗುತ್ತದೆ. ಕಾಯಿಯ ಮೈಮೇಲೆ ಹೊಂಬಣ್ಣದ ಮಖಮಲ್ಲಿನಂತೆ ಕಾಣುವುದೆಲ್ಲ ಎರಡು ಮೂರು ಮಿಲಿಮೀಟರ್ ಉದ್ದದ ಟೊಳ್ಳು ರೋಮಗಳು. ಗಾಳಿ ಬೀಸಿದರೂ ಸಾಕು, ಉದುರುತ್ತವೆ. ಮೂಡುಬಿದಿರೆ ಕಡೆಯ ಒಂದು ಶಾಲೆಯಲ್ಲಿ (ಹೆಸರು ಬೇಡ) ನನ್ನ ಗೆಳೆಯನೊಬ್ಬ ಇದನ್ನು ಕಾಗದದಲ್ಲಿ ಕಟ್ಟಿ ತಂದು ಮಾಸ್ತರರ ಕುರ್ಚಿಗೆ ಉದುರಿಸಲು ಹೋಗಿ, ಕಿಟಕಿಯ ಗಾಳಿಗೆ ಇಡೀ ಮುಂದಿನ ಬೆಂಚು ಕುಣಿದದ್ದುಂಟು. ಮಾಸ್ತರರಿಗೆ ಏನೂ ಆಗಲಿಲ್ಲ.

ಸಂಸ್ಕೃತದಲ್ಲಿ ಇದು ಕಪಿಕಚ್ಛು, ಎಂದರೆ ಕೋತಿಯ ತುರಿಕೆ. ಇನ್ನೊಂದು ಹೆಸರು ಆತ್ಮಗುಪ್ತಾ, ತನ್ನನ್ನು ತಾನೇ ಕಾದುಕೊಳ್ಳುವವಳು. ಹಿಂದಿಯ ಕವಾಂಚ್ ಇಂಗ್ಲಿಷರ ನಾಲಿಗೆಯಲ್ಲಿ ತಿರುಚಿ ಕೌಹೇಜ್ ಆಯಿತು. ಸಸ್ಯಶಾಸ್ತ್ರದ ಹೆಸರು ಮುಕುನಾ ಪ್ರೂರಿಯೆನ್ಸ್; ಎರಡನೆಯ ಪದಕ್ಕೆ ಲ್ಯಾಟಿನ್ನಿನಲ್ಲಿ ತುರಿಸುವ ಎಂಬುದೇ ಅರ್ಥ. ಎಲ್ಲ ಭಾಷೆಯವರೂ ತುರಿಕೆಯಿಂದಲೇ ಇದನ್ನು ಗುರುತಿಸಿದ್ದಾರೆ. ಆ ತುರಿಕೆ ಹೇಗೆ ಹುಟ್ಟುತ್ತದೆ ಎಂದು ಕೇಳಿದವರು ಮಾತ್ರ ಇಪ್ಪತ್ತನೆಯ ಶತಮಾನದವರು.

ಅವರು ಕೇಳುವ ಹೊತ್ತಿಗೆ ನರಗಳ ಬಗ್ಗೆ ಒಂದು ದೊಡ್ಡ ಸಂಗತಿ ತಿಳಿದಿತ್ತು. 1921ರಲ್ಲಿ ಒಟ್ಟೊ ಲೋವಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಎರಡು ಕಪ್ಪೆಗಳ ಹೃದಯ ಇಟ್ಟುಕೊಂಡು ಪ್ರಯೋಗ ಮಾಡಿದ್ದರು. ಒಂದು ಹೃದಯದ ನರವನ್ನು ಕೆರಳಿಸಿ ಅದರ ಬಡಿತ ನಿಧಾನ ಮಾಡಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದಕ್ಕೆ ಹಾಕಿದರೆ ಅದೂ ನಿಧಾನವಾಯಿತು. ನರದ ತುದಿಯಿಂದ ಯಾವುದೋ ರಾಸಾಯನಿಕ ಹೊರಬೀಳುತ್ತದೆ, ಎದುರಿನ ಕೋಶ ಅದನ್ನು ಹಿಡಿದು ಉತ್ತರ ಕೊಡುತ್ತದೆ ಎಂದಾಯಿತು. ನರಪ್ರೇಷಕ ಎಂದು ಈಗ ನಾವು ಕರೆಯುವುದು ಇದನ್ನೇ. ಲೋವಿಯವರೂ ಇಂಗ್ಲೆಂಡಿನ ಹೆನ್ರಿ ಡೇಲ್ ಅವರೂ 1936ರ ನೊಬೆಲ್ ಹಂಚಿಕೊಂಡರು.

ಚರ್ಮದ ಕಡೆಯಿಂದ ಒಳಗೆ ಸುದ್ದಿ ಒಯ್ಯುವ ಸಂವೇದಕ ನರಗಳದ್ದು ಸ್ವಲ್ಪ ಬೇರೆ ಕಟ್ಟೋಣ. ಕಾಲಿನ ಹೆಬ್ಬೆರಳಿಗೆ ಬರುವ ಇಂಥ ನರಕೋಶದ ಒಡಲು ಇರುವುದು ಸೊಂಟದ ಮಟ್ಟದಲ್ಲಿ, ಬೆನ್ನೆಲುಬಿನ ಪಕ್ಕ. ಅಲ್ಲಿಂದ ಒಂದು ಎಳೆ ಮೀಟರಿನಷ್ಟು ದೂರ ಬೆರಳಿಗೆ ಇಳಿದರೆ ಇನ್ನೊಂದು ಎಳೆ ಬೆನ್ನುಹುರಿಗೆ ಹೋಗುತ್ತದೆ. ಚರ್ಮದ ತುದಿಯಲ್ಲಿ ಅದು ಬೇರಿನ ಹಾಗೆ ಕವಲೊಡೆದು ಬರಿಮೈಯಲ್ಲಿ ಕೂತಿರುತ್ತದೆ. ಆ ಮೈಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳು ಹುದುಗಿವೆ. ತಕ್ಕ ರಾಸಾಯನಿಕ ಬಂದು ಗ್ರಾಹಕಕ್ಕೆ ತಾಗಿದರೆ ಕೋಶದ ಬಾಗಿಲುಗಳು ತೆರೆದು ಹೊರಗಿನ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗುತ್ತವೆ. ವಿದ್ಯುತ್ತಿನ ತುಡಿತ ಹುಟ್ಟಿ ಮೇಲಕ್ಕೆ ಓಡುತ್ತದೆ. ಮೆಣಸಿನ ಖಾರ ಉರಿಯುವುದೂ ಹೀಗೆಯೇ. ತುರಿಕೆಗೆ ಆ ತಕ್ಕ ರಾಸಾಯನಿಕ ಯಾವುದು ಎಂಬುದೇ ಪ್ರಶ್ನೆ.

ಉತ್ತರ ಸುಲಭದಲ್ಲಿ ಸಿಕ್ಕಿದ ಹಾಗೆ ಕಂಡಿತು: ಹಿಸ್ಟಮಿನ್. ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ 1920ರ ದಶಕದಲ್ಲಿ ಚರ್ಮವನ್ನು ಗೀರಿ, ಚುಚ್ಚಿ, ಮೂರು ಹಂತದ ಪ್ರತಿಕ್ರಿಯೆಯನ್ನು ವಿವರಿಸಿದರು. ಮೊದಲು ಗೀರಿದಲ್ಲಿ ಕೆಂಪು ಗೆರೆ, ಆಮೇಲೆ ಸುತ್ತ ಹರಡುವ ಕೆಂಪು, ಕೊನೆಗೆ ಉಬ್ಬು. ಗಾಯಗೊಂಡ ಚರ್ಮದಿಂದ ಹಿಸ್ಟಮಿನ್‌ನಂಥ ವಸ್ತುವೊಂದು ಹೊರಬೀಳುತ್ತದೆ ಎಂದು 1927ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಹಿಸ್ಟಮಿನ್ ಚುಚ್ಚಿದರೆ ಈ ಮೂರೂ ಆಗುತ್ತಿತ್ತು, ತುರಿಕೆಯೂ ಬರುತ್ತಿತ್ತು. 1937ರಲ್ಲಿ ಡೇನಿಯಲ್ ಬೊವೆ ಮತ್ತು ಆನ್‌ಮರೀ ಸ್ಟಾಬ್ ಹಿಸ್ಟಮಿನ್ನಿಗೆ ಅಡ್ಡ ನಿಲ್ಲುವ ಮೊದಲ ವಸ್ತುವನ್ನು ತೋರಿಸಿದರು. ಬೊವೆಗೆ 1957ರಲ್ಲಿ ನೊಬೆಲ್ ಬಂತು. ಅಪ್ಪನ ಕಿಸೆಯ ಮಾತ್ರೆ ಆ ವಂಶದ್ದು. ಗಂಧೆ ಇಳಿಸುವ ಮಾತ್ರೆ ಕೈಗೆ ಬಂದ ಮೇಲೆ ತುರಿಕೆ ಎಂದರೆ ಹಿಸ್ಟಮಿನ್ ಎಂಬ ನಂಬಿಕೆ ವೈದ್ಯರ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಔಷಧ ಚೆನ್ನಾಗಿ ಕೆಲಸ ಮಾಡಿದರೆ ಅದರ ಹಿಂದಿನ ಸಿದ್ಧಾಂತವನ್ನು ಯಾರೂ ಕೆದಕಲು ಹೋಗುವುದಿಲ್ಲ, ನೋಡಿ.

ನಸುಗುನ್ನಿ ಪ್ರಯೋಗಾಲಯಕ್ಕೆ ಬಂದದ್ದು ಬರೀ ಉಪಕರಣವಾಗಿ. ಬೇಕೆಂದಾಗ, ಬೇಕಾದ ಜಾಗದಲ್ಲಿ, ಬೇಕಾದಷ್ಟು ತುರಿಕೆ ಹುಟ್ಟಿಸಲು ಇದಕ್ಕಿಂತ ಅಗ್ಗದ ಸಾಧನ ಇರಲಿಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಸಂಶೋಧಕರು ಸ್ವಯಂಸೇವಕರ ಕೈಗೆ ಈ ರೋಮ ಉಜ್ಜುತ್ತಿದ್ದರು. ರೋಮ ಚುಚ್ಚಿದಾಗ ನಮ್ಮ ಚರ್ಮದ್ದೇ ಹಿಸ್ಟಮಿನ್ ಬಿಡುಗಡೆಯಾಗುತ್ತಿರಬೇಕು ಎಂಬುದು ಮೊದಲ ಊಹೆ. 1954ರಲ್ಲಿ ರೋಮದೊಳಗೇ ಸೆರೊಟೊನಿನ್ ಇದೆ ಎಂದು ಬೌಡನ್, ಬ್ರೌನ್ ಮತ್ತು ಬ್ಯಾಟಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ನಮ್ಮ ಮಿದುಳು ಬಳಸುವ ನರಪ್ರೇಷಕವೇ ಬೇಲಿಯ ಬಳ್ಳಿಯಲ್ಲಿ! ಕಳ್ಳ ಸಿಕ್ಕಿದ ಎಂದು ಯಾರಿಗಾದರೂ ಅನಿಸಬೇಕಾದದ್ದೇ.

ಮರುವರ್ಷ ಫಿಲಡೆಲ್ಫಿಯಾದ ಚರ್ಮವೈದ್ಯರಾದ ವಾಲ್ಟರ್ ಶೆಲ್ಲಿ ಮತ್ತು ರಾಬರ್ಟ್ ಆರ್ಥರ್ ಆ ಅನಿಸಿಕೆಯನ್ನು ಪಕ್ಕಕ್ಕೆ ತಳ್ಳಿದರು. ಅವರ ಕೆಲಸದ ಶ್ರದ್ಧೆ ನನಗೆ ಬಹಳ ಇಷ್ಟ. ಒಂದೊಂದೇ ರೋಮವನ್ನು ಸೂಕ್ಷ್ಮದರ್ಶಕದಡಿ ಹಿಡಿದು ಚರ್ಮಕ್ಕೆ ಚುಚ್ಚಿ ನೋಡಿದರು. ರೋಮಗಳನ್ನು ಕಾಯಿಸಿದರು. ಕಾಯಿಸಿದ ರೋಮ ಮೊದಲಿನಷ್ಟೇ ಚೂಪಾಗಿತ್ತು, ಚರ್ಮಕ್ಕೆ ಚುಚ್ಚುತ್ತಲೂ ಇತ್ತು, ಆದರೆ ತುರಿಕೆ ಇರಲಿಲ್ಲ. ಅಲ್ಲಿಗೆ ಮುಳ್ಳಿನ ಚುಚ್ಚು ಕಾರಣವಲ್ಲ ಎಂದಾಯಿತು. ಬಿಸಿಗೆ ಸಾಯುವಂಥದ್ದು ಎಂದರೆ ಪ್ರೋಟೀನ್ ಇರಬೇಕು. ಅದು ಬೇರೆ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವ ಎಂದು ಅವರು ಕಂಡುಕೊಂಡು ಅದಕ್ಕೆ ಮುಕುನೇನ್ ಎಂದು ಹೆಸರಿಟ್ಟರು. ಪಪ್ಪಾಯಿ ಹಾಲಿನ ಪಪೇನ್ ಮುಂತಾದ ಬೇರೆ ಕತ್ತರಿ ಕಿಣ್ವಗಳೂ ಮನುಷ್ಯರ ಚರ್ಮದಲ್ಲಿ ತುರಿಕೆ ಹುಟ್ಟಿಸುತ್ತವೆ ಎಂದು ತೋರಿಸಿದರು. ಇದು 1955.

ಆಮೇಲೆ ಅರ್ಧ ಶತಮಾನ ಬಹುಮಟ್ಟಿಗೆ ಮೌನ.

ಯಾಕೆ? ನನ್ನ ಲೆಕ್ಕದಲ್ಲಿ ಕಾರಣ ಇಷ್ಟೆ. ನರದ ಜೊತೆ ಮಾತಾಡಬೇಕಾದರೆ ಹಿಸ್ಟಮಿನ್ನಿನಂಥ, ಸೆರೊಟೊನಿನ್ನಿನಂಥ ಪುಟ್ಟ ಅಣುವೊಂದು ಗ್ರಾಹಕದೊಳಗೆ ಹೋಗಿ ಕೂರಬೇಕು ಎಂಬುದು ಆಗಿನ ತಿಳಿವಳಿಕೆ. ಕತ್ತರಿಗೆ ಏನು ಭಾಷೆ? ಕತ್ತರಿ ಕತ್ತರಿಸುತ್ತದೆ, ಗಾಯ ಮಾಡುತ್ತದೆ, ಗಾಯದಿಂದ ಇನ್ನೇನೋ ಹೊರಬಂದು ನರವನ್ನು ಮುಟ್ಟುತ್ತದೆ ಎಂದು ಊಹಿಸಿದರೆ ಮತ್ತೆ ಹಿಸ್ಟಮಿನ್ನಿಗೇ ಬಂದು ನಿಲ್ಲಬೇಕು. ಕಿಣ್ವವೇ ನೇರವಾಗಿ ನರಕ್ಕೆ ಸುದ್ದಿ ಕೊಡುವ ಬಗೆ ಯಾರಿಗೂ ಹೊಳೆದಿರಲಿಲ್ಲ. ಶೆಲ್ಲಿಯವರ ಕೈಯಲ್ಲಿ ಉತ್ತರ ಇತ್ತು. ಅದನ್ನು ಇಡಲು ಗೂಡು ಇರಲಿಲ್ಲ.

ಈ ಮೌನದ ನಡುವೆ ಬಳ್ಳಿಯ ಬೀಜದ ಕತೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದು ನಮಗೆ ಹತ್ತಿರದ್ದು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಮಂಗಳೂರಿನ ಕಾಲೇಜುಗಳಿಗೆ ಮದ್ರಾಸ್ ವಿಶ್ವವಿದ್ಯಾಲಯವೇ ವಿಶ್ವವಿದ್ಯಾಲಯ. ಆ ವಿಶ್ವವಿದ್ಯಾಲಯದ ಜೀವರಸಾಯನ ಪ್ರಯೋಗಾಲಯದಲ್ಲಿ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ 1937ರಲ್ಲಿ ನಸುಗುನ್ನಿ ಬೀಜದಿಂದ ಎಲ್-ಡೋಪಾ ಎಂಬ ಅಮೈನೊ ಆಮ್ಲವನ್ನು ಬೇರ್ಪಡಿಸಿದರು. ಅದರ ಬೆಲೆ ಆಗ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೂ ಮೊದಲು, 1913ರಲ್ಲಿ, ಸ್ವಿಟ್ಜರ್ಲೆಂಡಿನ ಮಾರ್ಕಸ್ ಗುಗೆನ್‌ಹೈಮ್ ಬೇರೊಂದು ಅವರೆಯಿಂದ ಇದನ್ನು ತೆಗೆದು, ತಾವೇ ಎರಡೂವರೆ ಗ್ರಾಂ ನುಂಗಿ ವಾಂತಿ ಮಾಡಿಕೊಂಡಿದ್ದರು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ರೆಸರ್ಪಿನ್ ಕೊಟ್ಟು ಮೊಲಗಳನ್ನು ಅಲುಗಾಡದಂತೆ ಮಾಡಿ, ಎಲ್-ಡೋಪಾ ಚುಚ್ಚಿ ಅವನ್ನು ಎಬ್ಬಿಸಿ ನಿಲ್ಲಿಸಿದರು. (ರೆಸರ್ಪಿನ್ ಬರುವುದು ಸರ್ಪಗಂಧದಿಂದ. ಅದೂ ನಮ್ಮ ಘಟ್ಟದ ಬುಡದ ಗಿಡವೇ.) ಎಲ್-ಡೋಪಾ ಮಿದುಳಿನೊಳಗೆ ಹೋಗಿ ಡೋಪಮಿನ್ ಎಂಬ ನರಪ್ರೇಷಕವಾಗುತ್ತದೆ. 1960ರಲ್ಲಿ ವಿಯೆನ್ನಾದ ಒಲೆ ಹಾರ್ನಿಕೀವಿಚ್ ಪಾರ್ಕಿನ್ಸನ್ ರೋಗಿಗಳ ಮಿದುಳಲ್ಲಿ ಇದೇ ಡೋಪಮಿನ್ ಬತ್ತಿರುವುದನ್ನು ತೋರಿಸಿದರು. ಇಂದಿಗೂ ಆ ರೋಗಕ್ಕೆ ಮುಖ್ಯ ಔಷಧ ಎಲ್-ಡೋಪಾವೇ. ನಸುಗುನ್ನಿ ಬೀಜದ ಪುಡಿಯನ್ನೇ ಕೊಟ್ಟು ನೋಡಿದ ಪ್ರಯೋಗವನ್ನು 1978ರಲ್ಲಿ ಎ. ಬಿ. ವೈದ್ಯ ಮತ್ತು ಸಂಗಡಿಗರು ಪ್ರಕಟಿಸಿದ್ದಾರೆ. ಒಂದೇ ಕಾಯಿಯ ಹೊರಗಿನ ರೋಮ ಚರ್ಮದ ನರವನ್ನು ಕೆಣಕುತ್ತದೆ, ಒಳಗಿನ ಬೀಜ ಮಿದುಳಿನ ನರಕ್ಕೆ ಬೇಕಾದ ಸರಕನ್ನು ಇಟ್ಟುಕೊಂಡಿದೆ.

ಮತ್ತೆ ತುರಿಕೆಗೆ ಬರೋಣ. 1997ರಲ್ಲಿ ಜರ್ಮನಿಯ ಎರ್ಲಾಂಗೆನ್‌ನ ಮಾರ್ಟಿನ್ ಶ್ಮೆಲ್ಜ್, ಹರ್ಮನ್ ಹ್ಯಾಂಡ್‌ವರ್ಕರ್, ಸ್ವೀಡನ್ನಿನ ಎರಿಕ್ ಟೋರೆಬ್ಯೋರ್ಕ್ ಮೊದಲಾದವರು ತುರಿಕೆಗೇ ಮೀಸಲಾದ ನರತಂತುಗಳನ್ನು ಮನುಷ್ಯರಲ್ಲಿ ಹಿಡಿದರು. ಎಚ್ಚರವಾಗಿರುವ ಸ್ವಯಂಸೇವಕನ ಕಾಲಿನ ನರಕ್ಕೆ ಕೂದಲಿನಷ್ಟು ತೆಳುವಾದ ಸೂಜಿ ವಿದ್ಯುದ್ವಾರವನ್ನು ಇಳಿಸಿ, ಒಂದೇ ಒಂದು ತಂತುವಿನ ತುಡಿತವನ್ನು ಕೇಳುವ ತಾಳ್ಮೆಯ ಕೆಲಸ ಅದು. ಸಿಕ್ಕಿದ ತಂತುಗಳು ಬಹಳ ನಿಧಾನದವು. ಸೆಕೆಂಡಿಗೆ ಅರ್ಧ ಮೀಟರಿನಷ್ಟೇ ಓಟ. ಒತ್ತಿದರೆ, ಚುಚ್ಚಿದರೆ ಉತ್ತರವೇ ಇಲ್ಲ. ಹಿಸ್ಟಮಿನ್ ಹಾಕಿದರೆ ಮಾತ್ರ ತುಡಿಯುತ್ತವೆ, ಅದೂ ಆ ಮನುಷ್ಯನಿಗೆ ತುರಿಸುವಷ್ಟು ಹೊತ್ತು. ತುರಿಕೆ ಎಂಬುದು ಸಣ್ಣ ಪ್ರಮಾಣದ ನೋವು ಎಂಬ ಹಳೆಯ ವಾದಕ್ಕೆ ಇದು ದೊಡ್ಡ ಪೆಟ್ಟು. ಒಗಟು ಬಿಡಿಸಿಯಾಯಿತು, ಹಿಸ್ಟಮಿನ್ನೇ ಗೆದ್ದಿತು ಎನ್ನುವ ಸ್ಥಿತಿ.

ಹತ್ತು ವರ್ಷದ ಮೇಲೆ ಆ ತೀರ್ಪನ್ನು ಕೆಡಿಸಿದ್ದು ನಸುಗುನ್ನಿ. 2007ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಲಾಮಾಟ್ ಜೊತೆ ಸೇರಿ ಹಿಸ್ಟಮಿನ್ನನ್ನೂ ನಸುಗುನ್ನಿ ರೋಮವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರು. ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ತುರಿಕೆ ಕೊಟ್ಟವು. ಹಿಸ್ಟಮಿನ್ ಹಾಕಿದಲ್ಲಿ ಸುತ್ತ ಕೆಂಪು ಹರಡಿತು. ರೋಮ ತಾಗಿದಲ್ಲಿ ಹಾಗೆ ಹರಡಲಿಲ್ಲ. ಚರ್ಮಕ್ಕೆ ಮೊದಲೇ ಹಿಸ್ಟಮಿನ್ ನಿರೋಧಕ ಹಚ್ಚಿದಾಗ ಹಿಸ್ಟಮಿನ್ನಿನ ತುರಿಕೆ ಇಳಿಯಿತು. ರೋಮದ ತುರಿಕೆಗೆ ಏನೂ ಆಗಲಿಲ್ಲ. ತಂಗಿಯ ಮೈಯ ಗಂಧೆ, ನನ್ನ ಬರಿಯ ಉಗುರುಗೆರೆ, ಕೆಲಸ ಮಾಡದ ಮಾತ್ರೆ, ಎಲ್ಲವೂ ಆ ಪ್ರಬಂಧದಲ್ಲಿ ಅಂಕಿಗಳಾಗಿ ಕೂತಿದ್ದನ್ನು ಕಂಡು ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ರೋಮಕ್ಕೆ ತುಡಿದ ತಂತುಗಳೂ ಬೇರೆ: ಚುಚ್ಚಿಗೂ ಬಿಸಿಗೂ ಉತ್ತರ ಕೊಡುವಂಥವು. ಚುಚ್ಚು, ಉರಿ, ತುರಿಕೆ ಒಟ್ಟಿಗೆ ಬರುವುದೂ ಇದಕ್ಕೆ ಹೊಂದುತ್ತದೆ. ಅದೇ ವರ್ಷ ಮಿನ್ನೆಸೋಟದ ತಂಡವೊಂದು ಕೋತಿಗಳ ಬೆನ್ನುಹುರಿಯಿಂದ ಮಿದುಳಿಗೆ ಹೋಗುವ ನರಕೋಶಗಳಲ್ಲೂ ಎರಡು ಗುಂಪು ಕಂಡಿತು. ಒಂದು ಹಿಸ್ಟಮಿನ್ನಿಗೆ, ಇನ್ನೊಂದು ನಸುಗುನ್ನಿಗೆ. ಕಪಿಕಚ್ಛು ಎಂದು ಹೆಸರಿಟ್ಟವರು ಬದುಕಿದ್ದರೆ ನಕ್ಕಿರುತ್ತಿದ್ದರು.

ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, ಬೆಳ್ತಂಗಡಿಗೆ ಬರಲು ಎರಡು ದಾರಿಗಳಿವೆ. ಮೂಡುಬಿದಿರೆಯಿಂದ ವೇಣೂರಿನ ಮೇಲೆ ಒಂದು, ಬಂಟ್ವಾಳದ ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ, ಮಡಂತ್ಯಾರು ಮೇಲೆ ಇನ್ನೊಂದು. ಎರಡೂ ಸೇರುವುದು ಗುರುವಾಯನಕೆರೆಯಲ್ಲಿ, ಊರು ಇನ್ನೇನು ಬಂತು ಎನ್ನುವಾಗ. ವೇಣೂರಿನಲ್ಲಿ ಎಷ್ಟೇ ಬಿಗಿ ತಪಾಸಣೆ ಇಟ್ಟರೂ ಮಡಂತ್ಯಾರಿನ ಬಸ್ಸು ನಿಲ್ಲುವುದಿಲ್ಲ. ಅಲರ್ಜಿ ಮಾತ್ರೆ ವೇಣೂರಿನ ತಪಾಸಣೆ.

ಇನ್ನು ಉಳಿದದ್ದು ಕತ್ತರಿಯ ಭಾಷೆ. ಅದರ ಸುಳಿವು ತುರಿಕೆಗೆ ಸಂಬಂಧವೇ ಇಲ್ಲದ ಕಡೆಯಿಂದ ಬಂದಿತ್ತು. ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಕೂಡ ಒಂದು ಕತ್ತರಿ ಕಿಣ್ವ. ಅದು ರಕ್ತದ ಕಿರುಬಿಲ್ಲೆಗಳನ್ನು ಹೇಗೆ ಎಚ್ಚರಿಸುತ್ತದೆ ಎಂದು ಹುಡುಕಿದ ಸ್ಯಾನ್ ಫ್ರಾನ್ಸಿಸ್ಕೊದ ಶಾನ್ ಕಾಗ್ಲಿನ್ ತಂಡ 1991ರಲ್ಲಿ ವಿಚಿತ್ರ ಗ್ರಾಹಕವೊಂದನ್ನು ಕಂಡಿತು. ಬೀಗಕ್ಕೆ ಅದರ ಬೀಗದಕೈಯನ್ನೇ ದಾರದಲ್ಲಿ ಕಟ್ಟಿ, ಕೈಯ ತುದಿಗೆ ಹೊದಿಕೆ ಸುತ್ತಿಟ್ಟ ಹಾಗೆ ಅದರ ರಚನೆ. ಹೊರಗಿನಿಂದ ಯಾವ ಅಣುವೂ ಬಂದು ಕೂರಬೇಕಾಗಿಲ್ಲ. ಕಿಣ್ವ ಬಂದು ಅಡಕತ್ತರಿಯ ಹಾಗೆ ಹೊದಿಕೆಯನ್ನು ಕತ್ತರಿಸಿದರೆ ಸಾಕು. ಬಯಲಾದ ತುದಿ ಬಾಗಿ, ತನ್ನದೇ ಬೀಗಕ್ಕೆ ಹೊಕ್ಕು ತೆರೆಯುತ್ತದೆ. ಒಮ್ಮೆ ತೆರೆದ ಗ್ರಾಹಕ ಮತ್ತೆ ಉಪಯೋಗಕ್ಕಿಲ್ಲ; ಕೋಶ ಅದನ್ನು ಒಳಗೆಳೆದು ಕರಗಿಸಿ ಹೊಸದನ್ನು ಕೂರಿಸುತ್ತದೆ. ಈ ಕುಟುಂಬದ ಇನ್ನೂ ಮೂರು ಗ್ರಾಹಕಗಳು ಆ ದಶಕದಲ್ಲೇ ಸಿಕ್ಕಿದವು. ಪಾರ್-1ರಿಂದ ಪಾರ್-4 ಎಂದು ಅವಕ್ಕೆ ಹೆಸರು.

2008ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವಿ. ಬಿ. ರೆಡ್ಡಿ, ಈಥನ್ ಲರ್ನರ್ ಮತ್ತು ಸಂಗಡಿಗರು ನಸುಗುನ್ನಿ ರೋಮದಿಂದ ಮುಕುನೇನನ್ನು ಶುದ್ಧಮಾಡಿ, ಅದರ ರಚನೆಯನ್ನು ಓದಿ, ಅದು ಪಾರ್-2 ಮತ್ತು ಪಾರ್-4 ಗ್ರಾಹಕಗಳನ್ನು ಕತ್ತರಿಸಿ ಎಚ್ಚರಿಸುತ್ತದೆ ಎಂದು ತೋರಿಸಿದರು. ಶೆಲ್ಲಿ ಮತ್ತು ಆರ್ಥರ್ ಹೇಳಿದ 53 ವರ್ಷಗಳ ಮೇಲೆ ಅವರ ಮಾತಿಗೆ ಗೂಡು ಸಿಕ್ಕಿತು. ಶೆಲ್ಲಿಯವರ ಕಾಯಿಸಿದ ರೋಮಕ್ಕೂ ಹೊಸ ಕೆಲಸ ಬಂತು. ಸತ್ತ ರೋಮವನ್ನು ಬೇಕಾದ ದ್ರವದಲ್ಲಿ ನೆನೆಸಿ ಚರ್ಮಕ್ಕೆ ಚುಚ್ಚಿದರೆ, ಮೊಳೆಯೊಂದೇ, ಮದ್ದು ಮಾತ್ರ ಬೇರೆ. ಒಂದರೊಡನೆ ಒಂದನ್ನು ನ್ಯಾಯವಾಗಿ ಹೋಲಿಸಬಹುದು. ಲಾಮಾಟ್ ಪ್ರಯೋಗಾಲಯದಲ್ಲಿ ಹಿಸ್ಟಮಿನ್ನನ್ನೂ ಮೆಣಸಿನ ಖಾರವನ್ನೂ ಹೀಗೆಯೇ ಪರೀಕ್ಷಿಸಿದರು. ಒಂದೇ ಒಂದು ಜೀವಂತ ರೋಮ ತುರಿಕೆಗೆ ಸಾಕು ಎಂದೂ ಅವರು 2009ರಲ್ಲಿ ವರದಿ ಮಾಡಿದರು. ನನ್ನ ಬುಟ್ಟಿಯಲ್ಲಿ ಎಷ್ಟು ಸಾವಿರ ಇದ್ದವೋ!

2010ರಲ್ಲಿ ರೆಡ್ಡಿ ಮತ್ತು ಲರ್ನರ್ ಪಪ್ಪಾಯಿ, ಅನಾನಸು ಮೊದಲಾದ ಗಿಡಗಳ ಕಿಣ್ವಗಳೂ ಇದೇ ಗ್ರಾಹಕಗಳನ್ನು ಕತ್ತರಿಸುತ್ತವೆ ಎಂದು ತೋರಿಸಿದರು. ಅನಾನಸು ಜಾಸ್ತಿ ತಿಂದರೆ ನಾಲಿಗೆ ಚುರುಗುಟ್ಟುವುದು ನೆನಪಾಗಲಿ. ಪತ್ರೊಡೆಯ ಕೆಸು ಗಂಟಲು ಕೆರೆಯುವುದು ಬೇರೆ ಬಗೆ. ಅಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿವೆ. ಅದಕ್ಕೇ ಹಿಟ್ಟಿಗೆ ಹುಣಸೆ ಹುಳಿ ಮುಂದಾಗಿರಬೇಕು ಎಂದು ಅಡುಗೆ ಗೊತ್ತಿದ್ದವರು ಹೇಳುವುದು.

ಚರ್ಮದಿಂದ ಹೊರಟ ಸುದ್ದಿ ಬೆನ್ನುಹುರಿಯಲ್ಲಿ ಕೈ ಬದಲಿಸುವಾಗ ಮತ್ತೆ ರಾಸಾಯನಿಕವೇ ಬೇಕು. ಸೇಂಟ್ ಲೂಯಿಸ್‌ನ ಯಾನ್-ಗಾಂಗ್ ಸುನ್ ಮತ್ತು ಝೌ-ಫೆಂಗ್ ಚೆನ್ 2007ರಲ್ಲಿ ಬೆನ್ನುಹುರಿಯಲ್ಲಿ ತುರಿಕೆಗೆ ಸಂಬಂಧಿಸಿದ ಗ್ರಾಹಕವೊಂದನ್ನು ಇಲಿಗಳಲ್ಲಿ ಗುರುತಿಸಿದರು. ಅದಿಲ್ಲದ ಇಲಿಗಳಿಗೆ ನೋವು ತಿಳಿಯುತ್ತದೆ, ತುರಿಕೆ ಮಾತ್ರ ಕಡಿಮೆ. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂತೋಷ್ ಮಿಶ್ರಾ ಮತ್ತು ಮಾರ್ಕ್ ಹೂನ್, ಅದಕ್ಕೂ ಹಿಂದಿನ ಹಂತದಲ್ಲಿ ಚರ್ಮದ ನರ ಬಿಡುಗಡೆ ಮಾಡುವ ಪೆಪ್ಟೈಡ್ ಒಂದನ್ನು ಹಿಡಿದರು. ಹೃದಯದಲ್ಲಿ ಬೇರೆಯೇ ಕೆಲಸ ಮಾಡುವ ಪರಿಚಿತ ವಸ್ತು ಅದು. ಈ ಕೊಂಡಿಗಳ ಕ್ರಮದ ಬಗ್ಗೆ ಅವರವರಲ್ಲೇ ವಾದ ನಡೆಯಿತು; ಅದರೊಳಗೆ ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿ ಆದ ಉಪಕಾರವೇನು? ಡಯಾಲಿಸಿಸ್‌ನಲ್ಲಿರುವವರನ್ನು, ಒಣ ಇಸುಬಿನವರನ್ನು ಕೇಳಿ. ರಾತ್ರಿಯಿಡೀ ಮೈ ಕೆರೆದುಕೊಳ್ಳುವ ಇಂಥವರಿಗೆ ಅಲರ್ಜಿ ಮಾತ್ರೆ ಬಹಳ ಸಲ ನಿದ್ದೆ ತರಿಸುತ್ತದೆಯೇ ಹೊರತು ತುರಿಕೆ ನಿಲ್ಲಿಸುವುದಿಲ್ಲ. ಮಾತ್ರೆಗೆ ಬಗ್ಗದಿದ್ದರೆ ಅದು ಮನಸ್ಸಿನ ತುರಿಕೆ ಎಂದು ಮನೆಯವರೂ ಕೆಲವೊಮ್ಮೆ ವೈದ್ಯರೂ ಅಂದುಬಿಡುತ್ತಿದ್ದರು. ಆ ಮಾತು ತಪ್ಪು ಎಂದು ಈಗ ಧೈರ್ಯವಾಗಿ ಹೇಳಬಹುದು. ಡಯಾಲಿಸಿಸ್ ರೋಗಿಗಳ ತುರಿಕೆಗೆಂದೇ, ಹಿಸ್ಟಮಿನ್ನಿನ ಗೊಡವೆಗೆ ಹೋಗದೆ ಸಂವೇದಕ ನರದ ಬೇರೊಂದು ಗ್ರಾಹಕಕ್ಕೆ ತಾಗುವ ಔಷಧಕ್ಕೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು. 2023ರಲ್ಲಿ ಹಾರ್ವರ್ಡ್‌ನ ಐಸಾಕ್ ಚಿಯು ತಂಡ ಇಸುಬಿನ ಚರ್ಮದಲ್ಲಿ ಮನೆಮಾಡುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಕೂಡ ಕತ್ತರಿ ಕಿಣ್ವವೊಂದನ್ನು ಬಿಟ್ಟು ನರದ ಮೇಲಿನ ಪಾರ್-1 ಗ್ರಾಹಕವನ್ನು ನೇರವಾಗಿ ಕೆಣಕುತ್ತದೆ ಎಂದು ತೋರಿಸಿತು. ರಕ್ತ ಹೆಪ್ಪುಗಟ್ಟದಿರಲು ಕೊಡುವ, ಪಾರ್-1 ತಡೆಯುವ ಔಷಧವನ್ನೇ ಕೊಟ್ಟಾಗ ಇಲಿಗಳ ಕೆರೆತ ಕಡಿಮೆಯಾಯಿತು. 1991ರ ರಕ್ತದ ಕತೆ ಸುತ್ತಿ ಬಂದು ಚರ್ಮಕ್ಕೇ ಸೇರಿತು.

ದೊಡ್ಡಮ್ಮನ ಸೆಗಣಿ ಚಿಕಿತ್ಸೆಯ ಬಗ್ಗೆಯೂ ನನ್ನ ತೀರ್ಪು ಕೊಟ್ಟುಬಿಡುತ್ತೇನೆ. ಒಣಗುವಾಗ ಸೆಗಣಿ ರೋಮಗಳನ್ನು ಹಿಡಿದುಕೊಂಡು ಕಿತ್ತು ತರುತ್ತದೆ, ಯೋಚನೆ ಸರಿಯೇ. ಆದರೆ ಉಗುರಿನಿಂದ ಗೀರಿದ ಚರ್ಮಕ್ಕೆ ಸೆಗಣಿ ತಾಗಿದರೆ ಧನುರ್ವಾಯುವಿನ ಭಯ ಇದೆ.

ಆದ್ದರಿಂದ ಈ ಜನವರಿಯಲ್ಲಿ ಗುಡ್ಡಕ್ಕೆ ತರಗೆಲೆಗೆ ಹೋಗುವವರಿಗೆ ಇಷ್ಟು ಹೇಳುತ್ತೇನೆ. ನಸುಗುನ್ನಿ ತಾಗಿದರೆ ಉಜ್ಜಬೇಡಿ, ಕಣ್ಣಿಗೆ ಕೈ ಒಯ್ಯಬೇಡಿ. ಅಂಗಡಿಯಲ್ಲಿ ಸಿಗುವ ಅಗಲದ ಅಂಟುಪಟ್ಟಿಯನ್ನು ತುರಿಸುವ ಜಾಗಕ್ಕೆ ಒತ್ತಿ ಕಿತ್ತು ತೆಗೆಯಿರಿ, ನಾಲ್ಕೈದು ಸಲ. ಆಮೇಲೆ ಸಾಬೂನಿನಲ್ಲಿ ತೊಳೆಯಿರಿ. ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ. ಕೈ ನಡುಗುತ್ತದೆಂದು ಬೀಜ ಜಜ್ಜಿ ಕುಡಿಯುವ ಸಾಹಸ ಬೇಡ. ಅದರಲ್ಲಿರುವುದು ನಿಜವಾದ ಔಷಧ, ಪ್ರಮಾಣ ಮೀರಿದರೆ ವಾಂತಿಯಿಂದ ಹಿಡಿದು ಬುದ್ಧಿಭ್ರಮೆಯವರೆಗೆ ತರಬಲ್ಲದ್ದು.